ಕಾರಿನ ಪಾರ್ಟ್ ಆರ್ಡರ್ ಕ್ಯಾನ್ಸಲ್ ಮಾಡುವಾಗ ರೀಸ್ಟಾಕಿಂಗ್ ಶುಲ್ಕ: ಯಾವಾಗ ಕೊಡಬೇಕು, ಯಾವಾಗ ಕೊಡಬೇಕಿಲ್ಲ

ಆನ್‌ಲೈನ್‌ನಲ್ಲಿ ಕಾರಿಗೊಂದು ಪಾರ್ಟ್ ಆರ್ಡರ್ ಮಾಡಿದ್ದೀರಿ. ಆಮೇಲೆ ಬೇಡ ಅನ್ನಿಸಿದೆ. ಇಲ್ಲವೇ ‘ಇದು ನಿಮ್ಮ ಗಾಡಿಗೆ ಕೂರಲ್ಲ’ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಕ್ಯಾನ್ಸಲ್ ಮಾಡಲು ಹೋದರೆ ಮಾರಾಟಗಾರರಿಂದ ಉತ್ತರ ಬರುತ್ತದೆ: ಬೆಲೆಯಲ್ಲಿ ಶೇ. 20 ಮುರಿದುಕೊಂಡು ಉಳಿದ ಹಣ ಕೊಡುತ್ತೇವೆ. ಹೀಗೆ ಮುರಿದುಕೊಳ್ಳುವ ಹಣವೇ ರೀಸ್ಟಾಕಿಂಗ್ ಶುಲ್ಕ. ಸಾಮಾನ್ಯವಾಗಿ ಇದು ಶೇ. 10ರಿಂದ 25ರವರೆಗೆ ಇರುತ್ತದೆ. ಬಿಡಿಭಾಗಗಳ ವ್ಯಾಪಾರದಲ್ಲಿ ಶೇ. 15 ಮತ್ತು ಶೇ. 20 ಬಹಳ ಕಡೆ ಕಾಣುತ್ತದೆ.

ಇದನ್ನು ನೋಡಿ ಕೆಲವರು ಕೋಪದಲ್ಲಿ ಜಗಳಕ್ಕೆ ಬೀಳುತ್ತಾರೆ. ಇನ್ನು ಕೆಲವರು ಸುಮ್ನೆ ಒಪ್ಪಿಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ. ಎರಡೂ ಬೇಕಿಲ್ಲ. ಶುಲ್ಕ ಬೀಳುತ್ತದೋ ಇಲ್ಲವೋ ಎನ್ನುವುದು ಮುಖ್ಯವಾಗಿ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಈ ಹೊತ್ತಿನಲ್ಲಿ ಆ ಪಾರ್ಟ್ ಎಲ್ಲಿದೆ? ತಪ್ಪು ಯಾರ ಕಡೆಯದು? ಇವಕ್ಕೆ ಉತ್ತರ ಸಿಕ್ಕರೆ ಮಾರಾಟಗಾರರ ಹತ್ತಿರ ಏನು ಕೇಳಬೇಕು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಆರ್ಡರ್ ಹಾಕಿ ಇನ್ನೂ ಒಂದು ದಿನವೂ ಆಗಿಲ್ಲ ಅಂದರೆ, ಮೊದಲು ಕ್ಯಾನ್ಸಲ್ ಕೋರಿಕೆ ಕಳಿಸಿಬಿಡಿ. ಉಳಿದದ್ದನ್ನು ಆಮೇಲೆ ಓದಿ. ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ಶುಲ್ಕ ಯಾಕೆ ಹಾಕುತ್ತಾರೆ

ಇದು ಬರೀ ಲೂಟಿ ಎಂದುಕೊಂಡು ಮಾತಿಗಿಳಿದರೆ ಕೆಲಸ ಕೆಡುತ್ತದೆ. ವಾಪಸ್ ಬಂದ ಪಾರ್ಟನ್ನು ಯಾರಾದರೂ ಬಿಚ್ಚಿ ನೋಡಬೇಕು. ಬೋಲ್ಟ್ ಕೂರಿಸಿದ ಗುರುತು ಇದೆಯಾ, ಕನೆಕ್ಟರ್ ಪಿನ್ ಬಾಗಿದೆಯಾ ಎಂದು ಪರೀಕ್ಷಿಸಬೇಕು. ಮತ್ತೆ ಪ್ಯಾಕ್ ಮಾಡಿ ಲೇಬಲ್ ಹಚ್ಚಿ ಗೋದಾಮಿನಲ್ಲಿ ಇಡಬೇಕು. ಪೆಟ್ಟಿಗೆ ಹರಿದಿದ್ದರೆ ಅದನ್ನು ಹೊಸದೆಂದು ಮಾರುವುದು ಕಷ್ಟ. ಇದರ ಜೊತೆಗೆ ಕಾರ್ಡ್ ಪಾವತಿಯ ಕಂಪನಿಗಳಲ್ಲಿ ಅನೇಕವು ರೀಫಂಡ್ ಆದಾಗ ಮೊದಲು ಹಿಡಿದ ಶುಲ್ಕವನ್ನು ಮಾರಾಟಗಾರರಿಗೆ ಹಿಂತಿರುಗಿಸುವುದಿಲ್ಲ.

ಬಿಡಿಭಾಗಗಳ ವ್ಯಾಪಾರದಲ್ಲಿ ಇನ್ನೂ ಒಂದು ವಿಷಯವಿದೆ. ಆನ್‌ಲೈನ್‌ನಲ್ಲಿ ಪಾರ್ಟ್ ಮಾರುವ ಎಷ್ಟೋ ಅಂಗಡಿಗಳ ಹತ್ತಿರ ಸರಕೇ ಇರುವುದಿಲ್ಲ. ನೀವು ಆರ್ಡರ್ ಕೊಟ್ಟ ಮೇಲೆ ಅವರು ಸಗಟು ಗೋದಾಮಿಗೆ ಆರ್ಡರ್ ಕೊಡುತ್ತಾರೆ. ಪಾರ್ಸೆಲ್ ಅಲ್ಲಿಂದಲೇ ನೇರವಾಗಿ ನಿಮ್ಮ ಮನೆಗೆ ಹೊರಡುತ್ತದೆ. ವಾಪಸ್ ಕೊಟ್ಟರೆ ಆ ಗೋದಾಮಿನವರು ಅಂಗಡಿಯವರ ಮೇಲೆ ಶುಲ್ಕ ಹಾಕುತ್ತಾರೆ, ಅಂಗಡಿಯವರು ಅದನ್ನು ನಿಮ್ಮ ಮೇಲೆ ದಾಟಿಸುತ್ತಾರೆ. ಕಾರು ಕಂಪನಿಯ ಡೀಲರುಗಳೂ ತಮಗೆ ಬಂದ ಸರಕನ್ನು ಬೇಕಾದಷ್ಟು ವಾಪಸ್ ಕೊಡುವಂತಿಲ್ಲ, ಅದಕ್ಕೆ ಮಿತಿಗಳಿರುತ್ತವೆ. ಅದಕ್ಕೇ ನಿಮಗೆಂದೇ ವಿಶೇಷವಾಗಿ ತರಿಸಿದ ಪಾರ್ಟನ್ನು ಅವರು ಬಿಲ್‌ಕುಲ್ ವಾಪಸ್ ತೆಗೆದುಕೊಳ್ಳದಿರುವುದು.

ಇಷ್ಟು ಗೊತ್ತಿದ್ದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪಾರ್ಟ್ ಗೋದಾಮಿನ ಕಪಾಟಿನಿಂದ ಕದಲದೇ ಇದ್ದರೆ ಮೇಲೆ ಹೇಳಿದ ಖರ್ಚುಗಳಲ್ಲಿ ಹೆಚ್ಚಿನವು ಆಗಿಯೇ ಇಲ್ಲ. ಬಿಚ್ಚಿ ನೋಡಲಿಲ್ಲ, ಮತ್ತೆ ಪ್ಯಾಕ್ ಮಾಡಲಿಲ್ಲ, ವಾಪಸ್ ಇಡುವ ಕೆಲಸವೂ ಇಲ್ಲ. ಅಂಥ ಹೊತ್ತಿನಲ್ಲಿ ರೀಸ್ಟಾಕಿಂಗ್ ಹೆಸರಿನಲ್ಲಿ ದುಡ್ಡು ಕೇಳಿದರೆ ‘ಯಾವ ಕೆಲಸಕ್ಕೆ?’ ಎಂದು ಕೇಳುವುದು ನಿಮ್ಮ ಹಕ್ಕು.

ಆರ್ಡರ್ ಯಾವ ಹಂತದಲ್ಲಿದೆ ಎಂದು ಮೊದಲು ನೋಡಿ

ನಿಮ್ಮ ಖಾತೆಯೊಳಗೆ ಹೋಗಿ ಆರ್ಡರ್‌ನ ಸ್ಥಿತಿ ಓದಿ. ಅದರ ಸ್ಕ್ರೀನ್‌ಶಾಟ್ ತೆಗೆಯಿರಿ, ಅದರಲ್ಲಿ ದಿನಾಂಕ ಮತ್ತು ಸಮಯ ಕಾಣುವಂತಿರಲಿ. ಆಮೇಲೆ ಸ್ಥಿತಿ ಬದಲಾದರೂ ನೀವು ಕೇಳಿದಾಗ ಏನಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

‘ಆರ್ಡರ್ ಸ್ವೀಕರಿಸಲಾಗಿದೆ’ ಎಂದಷ್ಟೇ ಇದ್ದರೆ ಬಹಳ ಒಳ್ಳೆಯದು. ಈ ಹಂತದಲ್ಲಿ ಬಹಳಷ್ಟು ಸಲ ಬ್ಯಾಂಕಿನಲ್ಲಿ ನಿಮ್ಮ ಹಣವನ್ನು ತಡೆಹಿಡಿದಿರುತ್ತಾರೆ ಅಷ್ಟೇ, ಪೂರ್ತಿ ತೆಗೆದುಕೊಂಡಿರುವುದಿಲ್ಲ. ಕಾರ್ಡ್ ಖಾತೆಯಲ್ಲಿ ‘ಪೆಂಡಿಂಗ್’ ಎಂದು ಕಂಡರೆ ಅದೇ ಅರ್ಥ. ಈಗ ಕ್ಯಾನ್ಸಲ್ ಆದರೆ ಮಾರಾಟಗಾರರು ಆ ತಡೆಯನ್ನು ಬಿಟ್ಟರೆ ಸಾಕು, ರೀಫಂಡ್ ಎನ್ನುವ ಮಾತೇ ಬರುವುದಿಲ್ಲ. ಅವರಿಗೂ ಖರ್ಚು ಕಡಿಮೆ.

‘ಸಿದ್ಧವಾಗುತ್ತಿದೆ’, ‘ಪ್ರೋಸೆಸಿಂಗ್’ ಎಂದಿದ್ದರೆ ಗೋದಾಮಿಗೆ ಆರ್ಡರ್ ಹೋಗಿದೆ ಎಂದುಕೊಳ್ಳಿ. ಆದರೆ ಪಾರ್ಟ್ ಇನ್ನೂ ಹೊರಟಿಲ್ಲ. ಇಲ್ಲಿ ಇಮೇಲ್ ಮಾತ್ರ ಸಾಲದು, ಫೋನನ್ನೂ ಮಾಡಿ. ಗೋದಾಮಿನಿಂದ ತಡೆಯಲು ಆಗುತ್ತದಾ ಎಂದು ಕೇಳಿ. ಬಹಳಷ್ಟು ಅಂಗಡಿಗಳ ನಿಯಮದಲ್ಲಿ ಶುಲ್ಕ ಶುರುವಾಗುವುದು ಇಲ್ಲಿಂದಲೇ. ಆದರೂ ಮನಸ್ಸು ಮಾಡಿದರೆ ಬಿಡುವ ಅವಕಾಶ ಇರುವುದೂ ಇಲ್ಲೇ.

‘ಲೇಬಲ್ ತಯಾರಾಗಿದೆ’ ಎಂದಿದ್ದು ಕೊರಿಯರ್‌ನವರ ಟ್ರ್ಯಾಕಿಂಗ್‌ನಲ್ಲಿ ಇನ್ನೂ ಏನೂ ಕಾಣದಿದ್ದರೆ, ಪೆಟ್ಟಿಗೆ ಗೋದಾಮಿನಲ್ಲೇ ಕೂತಿರುವ ಸಾಧ್ಯತೆ ಜಾಸ್ತಿ. ಇದನ್ನು ಮಾರಾಟಗಾರರಿಗೆ ಹೇಳಿ. ‘ಶಿಪ್ ಆಗಿದೆ, ಏನೂ ಮಾಡಕ್ಕಾಗಲ್ಲ’ ಎಂದು ಅವರ ಕಂಪ್ಯೂಟರ್ ತೋರಿಸುತ್ತಿರಬಹುದು, ಆದರೆ ಕೊರಿಯರ್‌ನವರು ಇನ್ನೂ ಕೈಗೆ ತೆಗೆದುಕೊಂಡಿಲ್ಲ ಎಂದು ಟ್ರ್ಯಾಕಿಂಗ್ ಹೇಳುತ್ತಿರುತ್ತದೆ.

ರಾತ್ರಿ ಅಥವಾ ರಜಾದಿನ ಆರ್ಡರ್ ಹಾಕಿದ್ದರೆ ನಿಮಗೆ ಸ್ವಲ್ಪ ಸಮಯ ಜಾಸ್ತಿ ಸಿಗುತ್ತದೆ. ಎಷ್ಟೋ ಅಂಗಡಿಗಳು ಕೆಲಸದ ದಿನ ಶುರುವಾದ ಮೇಲೆಯೇ ಆರ್ಡರ್‌ಗಳನ್ನು ಕೈಗೆತ್ತಿಕೊಳ್ಳುವುದು. ರಾತ್ರಿಯೇ ಇಮೇಲ್ ಹಾಕಿ, ಅದರಲ್ಲಿ ಸಮಯ ದಾಖಲಾಗುತ್ತದೆ. ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಹೊತ್ತಿಗೆ ಫೋನ್ ಮಾಡಿ.

ಸ್ಟಾಕ್ ಇಲ್ಲ, ತಡವಾಗುತ್ತದೆ ಎಂದು ಅವರೇ ಹೇಳಿದ್ದರೆ ಅದು ಬೇರೆಯದೇ ಲೆಕ್ಕ. ಹೇಳಿದ ಹೊತ್ತಿಗೆ ಕಳಿಸಲು ಅವರಿಗೆ ಆಗಿಲ್ಲ, ಆದ್ದರಿಂದ ನೀವು ಕ್ಯಾನ್ಸಲ್ ಮಾಡುತ್ತಿದ್ದೀರಿ. ‘ಬೇಡ ಅನ್ನಿಸಿತು’ ಎಂಬ ಕಾರಣ ಆರಿಸಿ ಬಿಡಬೇಡಿ. ‘ವಿತರಣೆ ತಡವಾಯಿತು’ ಎಂಬ ಕಾರಣವನ್ನೇ ಆರಿಸಿ. ಫಾರಂನಲ್ಲಿ ಕ್ಲಿಕ್ ಮಾಡುವ ಈ ಒಂದು ಸಾಲಿನ ಮೇಲೆಯೇ ಎಷ್ಟೋ ಕಡೆ ಶುಲ್ಕ ನಿರ್ಧಾರವಾಗುತ್ತದೆ. ಸುಳ್ಳು ಕಾರಣ ಹಾಕಬೇಡಿ, ಆದರೆ ನಿಜವಾದ ಕಾರಣ ನಿಮ್ಮ ಪರವಾಗಿದ್ದಾಗ ಅದನ್ನು ಬಿಟ್ಟುಕೊಡಲೂ ಬೇಡಿ.

ಕೋರಿಕೆ ಬರೆಯುವುದು ಹೇಗೆ

ಫೋನಿನಲ್ಲಿ ಮಾತಾಡಿದರೂ ಬರಹದಲ್ಲಿ ಒಂದು ಕೋರಿಕೆ ಇರಲೇಬೇಕು. ಉದ್ದ ಬೇಡ. ಮೂರು ವಿಷಯ ಸಾಕು: ಯಾವ ಆರ್ಡರ್, ಈಗಿನ ಸ್ಥಿತಿ ಏನು, ನಿಮಗೆ ಏನು ಬೇಕು. ಹೀಗೆ ಬರೆಯಬಹುದು:

‘ನಮಸ್ಕಾರ. ನನ್ನ ಆರ್ಡರ್ ಸಂಖ್ಯೆ ಇಷ್ಟು. ಇದನ್ನು ಈಗಲೇ ಕ್ಯಾನ್ಸಲ್ ಮಾಡಬೇಕೆಂದು ಕೋರುತ್ತೇನೆ. ಇದನ್ನು ಬರೆಯುವಾಗ ಆರ್ಡರ್‌ನ ಸ್ಥಿತಿ “ಪ್ರೋಸೆಸಿಂಗ್” ಎಂದಿದೆ, ಸ್ಕ್ರೀನ್‌ಶಾಟ್ ಜೊತೆಗಿದೆ. ಪಾರ್ಟ್ ಇನ್ನೂ ಕಳಿಸಿಲ್ಲವಾದ್ದರಿಂದ ಪೂರ್ತಿ ಹಣ ಹಿಂತಿರುಗಿಸಿ. ಯಾವುದಾದರೂ ಶುಲ್ಕ ಹಿಡಿಯುವುದಿದ್ದರೆ, ಎಷ್ಟು ಮತ್ತು ನಿಮ್ಮ ಯಾವ ನಿಯಮದ ಪ್ರಕಾರ ಎಂದು ಹಣ ಹಿಡಿಯುವ ಮೊದಲು ಬರಹದಲ್ಲಿ ತಿಳಿಸಿ. ಕ್ಯಾನ್ಸಲ್ ಆದದ್ದನ್ನು ಈ ಇಮೇಲ್‌ಗೆ ಉತ್ತರಿಸಿ ಖಚಿತಪಡಿಸಿ.’

ಕೊನೆಯ ಎರಡು ವಾಕ್ಯಗಳು ಮುಖ್ಯ. ಕ್ಯಾನ್ಸಲ್ ಬಟನ್ ಒತ್ತಿದ ತಕ್ಷಣ ಕ್ಯಾನ್ಸಲ್ ಆಯಿತು ಎಂದುಕೊಳ್ಳಬೇಡಿ. ಹಲವು ಕಡೆ ಅದು ಬರೀ ಕೋರಿಕೆ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಖಚಿತಪಡಿಸಿದ ಉತ್ತರ ಬರುವವರೆಗೆ ಅದೇ ಪಾರ್ಟನ್ನು ಬೇರೆ ಕಡೆ ಆರ್ಡರ್ ಮಾಡಬೇಡಿ. ಇಲ್ಲದಿದ್ದರೆ ಎರಡು ಪಾರ್ಟ್ ಮನೆಗೆ ಬರುತ್ತವೆ.

ಶುಲ್ಕ ಬಿಡಿ ಎಂದು ಕೇಳಲು ಸಂಕೋಚ ಬೇಡ. ಫೋನ್ ಎತ್ತಿದ ಹುಡುಗನೋ ಹುಡುಗಿಯೋ ನಿಯಮ ಮಾಡಿದವರಲ್ಲ, ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ‘ಶುಲ್ಕ ಬಿಡುವ ಅಧಿಕಾರ ಯಾರಿಗಿದೆ, ಅವರ ಜೊತೆ ಮಾತಾಡಬಹುದಾ?’ ಎಂದು ಸಮಾಧಾನವಾಗಿ ಕೇಳಿ. ಸರಿಯಾದ ಪಾರ್ಟನ್ನು ಅವರ ಹತ್ತಿರವೇ ತೆಗೆದುಕೊಳ್ಳುತ್ತೇನೆ ಎಂದರೆ ಶುಲ್ಕ ಬಿಡುವ ಅಂಗಡಿಗಳು ಬೇಕಾದಷ್ಟಿವೆ. ನನ್ನ ಮಟ್ಟಿಗೆ ಇದೇ ಅತಿ ಒಳ್ಳೆಯ ದಾರಿ. ಅವರಿಗೆ ವ್ಯಾಪಾರ ಉಳಿಯುತ್ತದೆ, ನಿಮಗೆ ಹಣ ಉಳಿಯುತ್ತದೆ.

ಪಾರ್ಸೆಲ್ ಹೊರಟುಬಿಟ್ಟಿದ್ದರೆ

ಈಗ ಅದು ಕ್ಯಾನ್ಸಲ್ ಅಲ್ಲ, ವಾಪಸಾತಿ. ನಿಯಮಗಳು ಬದಲಾಗುತ್ತವೆ.

ಬಹಳ ಜನ ಮಾಡುವ ಕೆಲಸವೆಂದರೆ ಬಾಗಿಲಿಗೆ ಬಂದ ಪಾರ್ಸೆಲ್ ಅನ್ನು ‘ಬೇಡ’ ಎಂದು ವಾಪಸ್ ಕಳಿಸುವುದು. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಮಾರಾಟಗಾರರಿಗೆ ಹೇಳದೆ ಹೀಗೆ ಮಾಡಿದರೆ ಹೋಗುವ, ಬರುವ ಎರಡೂ ಸಾಗಣೆ ಖರ್ಚು ಮತ್ತು ಶುಲ್ಕ ಎಲ್ಲವೂ ನಿಮ್ಮ ತಲೆಗೆ ಬರಬಹುದು. ಅಷ್ಟೇ ಅಲ್ಲ, ಮಾರಾಟಗಾರರು ಕೊಡುವ ವಾಪಸಾತಿ ಸಂಖ್ಯೆ ಇಲ್ಲದ ಪೆಟ್ಟಿಗೆ ಗೋದಾಮಿಗೆ ಹೋಗಿ ಯಾರದೆಂದು ಗೊತ್ತಾಗದೆ ಮೂಲೆಯಲ್ಲಿ ಕೂರುತ್ತದೆ. ನಿಮ್ಮ ಹಣವೂ ಅದರ ಜೊತೆಗೇ ಕೂರುತ್ತದೆ. ಮೊದಲು ಮಾರಾಟಗಾರರನ್ನು ಕೇಳಿ. ದಾರಿಯಲ್ಲೇ ತಡೆದು ವಾಪಸ್ ತರಿಸಿಕೊಳ್ಳಲು ಅವರು ಕೊರಿಯರ್‌ಗೆ ಹೇಳಬಹುದು. ಅದಕ್ಕೆ ಒಂದಷ್ಟು ಖರ್ಚಾದರೂ ಪೂರ್ತಿ ಸುತ್ತು ಹಾಕುವುದಕ್ಕಿಂತ ಕಡಿಮೆ.

ಬಂಪರ್, ಬಾನೆಟ್, ಗಾಜು, ಗೇರ್‌ಬಾಕ್ಸ್ ಥರದ ದೊಡ್ಡ ಸಾಮಾನು ಲಾರಿಯಲ್ಲಿ ಬರುತ್ತದೆ. ಇವುಗಳಲ್ಲಿ ರೀಸ್ಟಾಕಿಂಗ್ ಶುಲ್ಕಕ್ಕಿಂತ ವಾಪಸ್ ಸಾಗಣೆಯೇ ಜಾಸ್ತಿಯಾಗುವುದುಂಟು. ಏರ್‌ಬ್ಯಾಗ್, ಬ್ಯಾಟರಿ ಮುಂತಾದವು ಸಾಗಣೆ ನಿಯಮಗಳಲ್ಲಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿವೆ. ಅವನ್ನು ನೀವೇ ಮಾಮೂಲಿ ಕೊರಿಯರ್‌ನಲ್ಲಿ ಹಾಕಿ ಕಳಿಸುವ ಹಾಗಿಲ್ಲ. ಎಷ್ಟೋ ಮಾರಾಟಗಾರರು ಇವನ್ನು ವಾಪಸ್ ತೆಗೆದುಕೊಳ್ಳುವುದೇ ಇಲ್ಲ.

ಪೆಟ್ಟಿಗೆ ಕೈಗೆ ಬಂದ ಮೇಲೆ

ಕತ್ತರಿ ಹಾಕುವ ಮುಂಚೆ ಫೋಟೋ ತೆಗೆಯಿರಿ. ಆರು ಕಡೆಯಿಂದಲೂ ತೆಗೆಯಿರಿ, ಲೇಬಲ್ ಓದುವಂತಿರಲಿ. ಮೂಲೆ ಜಜ್ಜಿದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಲಾರಿಯಲ್ಲಿ ಬಂದ ಸಾಮಾನಿಗೆ ಸಹಿ ಹಾಕುವ ಮೊದಲು ಹೊರಗಿನ ಹಾನಿಯನ್ನು ರಶೀದಿಯ ಮೇಲೆಯೇ ಬರೆಯಿರಿ. ‘ಸರಿಯಿದೆ’ ಎಂದು ಸಹಿ ಹಾಕಿಬಿಟ್ಟರೆ ಆಮೇಲೆ ಹಾನಿ ಸಾಗಣೆಯಲ್ಲೇ ಆಯಿತು ಎಂದು ತೋರಿಸುವುದು ಬಹಳ ಕಷ್ಟ.

ಟೇಪನ್ನು ನೀಟಾಗಿ ಕೊಯ್ಯಿರಿ. ಕಂಪನಿಯ ಒಳಪೆಟ್ಟಿಗೆಯ ಮೇಲೆ ಏನೂ ಬರೆಯಬೇಡಿ, ವಾಪಸ್ ಲೇಬಲನ್ನು ಅದಕ್ಕೇ ಅಂಟಿಸಬೇಡಿ. ಆ ಪೆಟ್ಟಿಗೆಯೂ ಸರಕಿನ ಭಾಗವೇ. ಅದು ಹಾಳಾದರೆ ಮುಂದಿನ ಗ್ರಾಹಕರಿಗೆ ಹೊಸದೆಂದು ಮಾರಲು ಆಗುವುದಿಲ್ಲ, ಆಗ ಶೇ. 15 ಇದ್ದದ್ದು ಇನ್ನಷ್ಟು ಏರಬಹುದು.

ಹೊಸ ಪಾರ್ಟನ್ನು ಹಳೆಯದರ ಪಕ್ಕದಲ್ಲಿ ಇಟ್ಟು ನೋಡಿ. ಬೋಲ್ಟ್ ರಂಧ್ರಗಳ ಸಂಖ್ಯೆ, ಕನೆಕ್ಟರ್‌ನ ಆಕಾರ, ಒಳಗಿನ ಪಿನ್ ಎಷ್ಟು, ಪೈಪ್ ಯಾವ ಕಡೆ ತಿರುಗಿದೆ, ಎಲ್ಲವನ್ನೂ ಹೋಲಿಸಿ. ಇದೆಲ್ಲ ಕಣ್ಣಿನಲ್ಲೇ ಆಗಬೇಕು. ‘ಕೂರುತ್ತದಾ ನೋಡೋಣ’ ಎಂದು ಒಂದೇ ಒಂದು ಬೋಲ್ಟ್ ಬಿಗಿದರೂ ಸಾಕು, ರಂಧ್ರದ ಸುತ್ತ ಬಣ್ಣ ಕೆರೆದು ಲೋಹ ಕಾಣುತ್ತದೆ. ವಾಪಸ್ ಬಂದ ಪಾರ್ಟನ್ನು ಪರೀಕ್ಷಿಸುವವರು ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು. ಗ್ರೀಸ್ ಕೈಯ ಗುರುತು, ಆಯಿಲ್ ವಾಸನೆ, ಕನೆಕ್ಟರ್ ಬೀಗದ ಮೇಲಿನ ಗೀಚು ಕೂಡ ಅವರ ಕಣ್ಣಿಗೆ ಬೀಳುತ್ತವೆ. ಒಮ್ಮೆ ಕೂರಿಸಿದ್ದು ಎಂದು ಗೊತ್ತಾದರೆ ಶುಲ್ಕದ ಮಾತಿರಲಿ, ಪೂರ್ತಿ ವಾಪಸಾತಿಯೇ ನಿಂತುಹೋಗುತ್ತದೆ. ಸೆನ್ಸರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಥರದ ಎಲೆಕ್ಟ್ರಿಕಲ್ ಪಾರ್ಟ್‌ಗಳಲ್ಲಿ ಇನ್ನೂ ಬಿಗಿ. ಸೀಲ್ ಒಡೆದರೇ ವಾಪಸ್ ಇಲ್ಲ ಎನ್ನುವವರು ಬಹಳ. ಒಮ್ಮೆ ಕರೆಂಟ್ ಹರಿದ ಇಸಿಯು ಒಳಗೆ ಸುಟ್ಟಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲವಲ್ಲ.

ಮೆಕ್ಯಾನಿಕ್ ಕೈಗೆ ಕೊಡುವಾಗಲೂ ಇದನ್ನು ಹೇಳಿಯೇ ಕೊಡಿ: ‘ಅಣ್ಣಾ, ಮೊದಲು ಪಕ್ಕದಲ್ಲಿಟ್ಟು ನೋಡಿ, ಸರಿ ಇದೆ ಅನ್ನಿಸಿದರೆ ಮಾತ್ರ ಹಾಕಿ.’

ಪಾರ್ಟ್ ನಂಬರ್ ನೀವು ಆರ್ಡರ್ ಮಾಡಿದ್ದಕ್ಕಿಂತ ಬೇರೆ ಇದ್ದರೆ ತಪ್ಪು ಪಾರ್ಟ್ ಬಂತು ಎಂದು ತಕ್ಷಣ ತೀರ್ಮಾನಿಸಬೇಡಿ. ಕಾರು ಕಂಪನಿಗಳು ಹಳೆಯ ನಂಬರ್ ನಿಲ್ಲಿಸಿ ಅದೇ ಜಾಗಕ್ಕೆ ಹೊಸ ನಂಬರ್ ಕೊಡುವುದು ಮಾಮೂಲು. ಹೊಸ ನಂಬರ್ ಹಳೆಯದಕ್ಕೆ ಬದಲಿಯೇ ಎಂದು ಮಾರಾಟಗಾರರನ್ನು ಕೇಳಿ. ಇದನ್ನು ವಿಚಾರಿಸದೆ ಸರಿಯಾದ ಪಾರ್ಟನ್ನೇ ವಾಪಸ್ ಕಳಿಸಿ ಶುಲ್ಕ ಕಟ್ಟಿದರೆ ಅದು ಸುಮ್ಮನೆ ಹೋದ ದುಡ್ಡು.

ವಾಪಸ್ ಕಳಿಸುವುದೇ ಆದರೆ ಮೊದಲು ವಾಪಸಾತಿ ಸಂಖ್ಯೆ ಪಡೆಯಿರಿ. ಇದನ್ನು ಆರ್‌ಎಂಎ ನಂಬರ್ ಎನ್ನುತ್ತಾರೆ. ಹೊರಪೆಟ್ಟಿಗೆಯ ಮೇಲೆ ಅದನ್ನು ಬರೆಯಿರಿ. ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲೇ ಕಳಿಸಿ, ಬೆಲೆ ಜಾಸ್ತಿಯದಾದರೆ ವಿಮೆ ಮಾಡಿಸಿ. ಮುಚ್ಚುವ ಮುಂಚೆ ಒಳಗಿನ ಪಾರ್ಟಿನದು, ಮುಚ್ಚಿದ ಮೇಲೆ ಪೆಟ್ಟಿಗೆಯದು ಒಂದೊಂದು ಫೋಟೋ ಇರಲಿ.

ತಪ್ಪು ಅವರದಾಗಿದ್ದರೆ

ಬೇರೆ ಪಾರ್ಟ್ ಬಂದಿದೆ, ಒಡೆದದ್ದು ಬಂದಿದೆ, ಹೇಳಿದ್ದಕ್ಕಿಂತ ಬೇರೆ ಗುಣಮಟ್ಟದ್ದು ಬಂದಿದೆ. ಇಲ್ಲಿ ಶುಲ್ಕವನ್ನೂ ಕೊಡಬೇಡಿ, ವಾಪಸ್ ಸಾಗಣೆಯನ್ನೂ ಕೊಡಬೇಡಿ. ದೂರನ್ನು ಮಾತ್ರ ಬೇಗ ಕೊಡಿ. ಹಾನಿಯ ಬಗ್ಗೆ ಕೆಲವೇ ದಿನಗಳೊಳಗೆ ತಿಳಿಸಬೇಕೆಂದು ಬಹಳ ಕಡೆ ನಿಯಮ ಇರುತ್ತದೆ.

ನಡುವಿನ ಒಂದು ಸಂದರ್ಭ ಇದೆ. ಜಗಳ ಜಾಸ್ತಿ ಆಗುವುದು ಅಲ್ಲೇ. ನೀವು ಕಾರಿನ ಮಾಡೆಲ್, ವರ್ಷ, ಎಂಜಿನ್ ಎಲ್ಲ ಆರಿಸಿದಿರಿ. ‘ಈ ಪಾರ್ಟ್ ನಿಮ್ಮ ಕಾರಿಗೆ ಹೊಂದುತ್ತದೆ’ ಎಂದು ಅವರ ಪುಟವೇ ಹಸಿರು ಗುರುತು ತೋರಿಸಿತು. ಬಂದ ಮೇಲೆ ಹೊಂದಲಿಲ್ಲ. ಮಾರಾಟಗಾರರು ‘ಗ್ರಾಹಕರು ತಪ್ಪು ಆರ್ಡರ್ ಮಾಡಿದ್ದಾರೆ’ ಎಂದು ಶುಲ್ಕ ಹಾಕುತ್ತಾರೆ. ಇದನ್ನು ಒಪ್ಪಬೇಡಿ. ಅವರ ಕ್ಯಾಟಲಾಗ್ ನಂಬಿ ಕೊಂಡದ್ದು, ಆದ್ದರಿಂದ ವಿವರಣೆಗೆ ತಕ್ಕಂತೆ ಇಲ್ಲದ ವಸ್ತು ಎಂದೇ ದೂರು ಕೊಡಿ. ಆ ಹಸಿರು ಗುರುತಿನ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇದ್ದರೆ ವಾದ ಅರ್ಧ ಗೆದ್ದ ಹಾಗೆ.

ಕೋರ್ ಚಾರ್ಜ್ ಬೇರೆ

ಬಿಲ್ಲಿನಲ್ಲಿ ‘ಕೋರ್ ಚಾರ್ಜ್’ ಎಂದು ಇನ್ನೊಂದು ಮೊತ್ತ ಇರಬಹುದು. ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್, ಬ್ರೇಕ್ ಕ್ಯಾಲಿಪರ್, ಸ್ಟೀರಿಂಗ್ ರ‍್ಯಾಕ್ ಮುಂತಾದವನ್ನು ಹಳೆಯದನ್ನೇ ರಿಪೇರಿ ಮಾಡಿ ಮತ್ತೆ ಮಾರುತ್ತಾರೆ. ಆದ್ದರಿಂದ ನಿಮ್ಮ ಹಳೆಯ ಪಾರ್ಟ್ ಅವರಿಗೆ ಬೇಕು. ಕೋರ್ ಚಾರ್ಜ್ ಅದಕ್ಕೆ ಇಟ್ಟುಕೊಂಡ ಠೇವಣಿ. ಆರ್ಡರ್ ಕ್ಯಾನ್ಸಲ್ ಆದರೆ, ಇಲ್ಲವೇ ಹೊಸ ಪಾರ್ಟನ್ನು ಬಳಸದೆ ವಾಪಸ್ ಕೊಟ್ಟರೆ, ಈ ಠೇವಣಿ ಪೂರ್ತಿ ಬರಬೇಕು. ಶೇಕಡಾವಾರು ಶುಲ್ಕವನ್ನು ಪಾರ್ಟಿನ ಬೆಲೆಯ ಮೇಲೆ ಮಾತ್ರ ಹಾಕಿದ್ದಾರಾ, ಠೇವಣಿಯನ್ನೂ ಸೇರಿಸಿ ಹಾಕಿದ್ದಾರಾ ಎಂದು ಲೆಕ್ಕ ನೋಡಿ.

ಕಾನೂನು ಏನು ಹೇಳುತ್ತದೆ

ದೇಶದಿಂದ ದೇಶಕ್ಕೆ ಇದು ಬಹಳ ಬದಲಾಗುತ್ತದೆ. ಮಾರಾಟಗಾರರು ಎಲ್ಲಿಯವರು, ನೀವು ಎಲ್ಲಿಯವರು ಎನ್ನುವುದನ್ನು ಮೊದಲು ಗುರುತಿಸಿಕೊಳ್ಳಿ.

ಐರೋಪ್ಯ ಒಕ್ಕೂಟದ ಗ್ರಾಹಕರ ಕೈ ಗಟ್ಟಿ. 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ಆನ್‌ಲೈನ್‌ನಲ್ಲಿ ಕೊಂಡ ವಸ್ತು ಕೈಗೆ ಬಂದ 14 ದಿನಗಳೊಳಗೆ ಕಾರಣ ಹೇಳದೆ ಖರೀದಿಯಿಂದ ಹಿಂದೆ ಸರಿಯಬಹುದು. ಮೊದಲು ಕೊಟ್ಟ ಮಾಮೂಲಿ ಸಾಗಣೆ ಖರ್ಚೂ ವಾಪಸ್ ಬರುತ್ತದೆ. ವಾಪಸ್ ಕಳಿಸುವ ಖರ್ಚು ಮಾತ್ರ ಸಾಮಾನ್ಯವಾಗಿ ಗ್ರಾಹಕರದು. ವಸ್ತುವನ್ನು ನೋಡಲು ಬೇಕಾದ್ದಕ್ಕಿಂತ ಜಾಸ್ತಿ ಬಳಸಿ ಬೆಲೆ ಇಳಿಸಿದ್ದರೆ ಅಷ್ಟನ್ನು ಕಳೆಯಬಹುದು. ಅದು ಬಿಟ್ಟು ಬರೀ ಹಿಂದೆ ಸರಿದದ್ದಕ್ಕೆ ಶೇ. 20 ಎಂದು ಮುರಿಯುವ ಹಾಗಿಲ್ಲ. ನಿಮ್ಮ ಅಳತೆಗೋ ಬಣ್ಣಕ್ಕೋ ಮಾಡಿಸಿದ ವಸ್ತುವಿಗೆ ಈ ಹಕ್ಕು ಇಲ್ಲ. ಬ್ರಿಟನ್ನಿನಲ್ಲೂ 2013ರ ನಿಯಮಗಳಲ್ಲಿ ಇಂಥದೇ 14 ದಿನಗಳ ಅವಕಾಶ ಇದೆ.

ಅಮೆರಿಕದಲ್ಲಿ ಹಾಗಿಲ್ಲ. ಮನಸ್ಸು ಬದಲಾಯಿತು ಎಂದು ವಾಪಸ್ ಕೊಡುವ ಹಕ್ಕನ್ನು ಅಲ್ಲಿನ ಕೇಂದ್ರ ಕಾನೂನು ಆನ್‌ಲೈನ್ ಖರೀದಿಗೆ ಕೊಡುವುದಿಲ್ಲ. ಮಾರಾಟಗಾರರು ಮೊದಲೇ ಹೇಳಿದ ನಿಯಮವೇ ಮುಖ್ಯ. ಆದರೆ ತಡವಾದಾಗ ಮಾತ್ರ ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಗ್ರಾಹಕರ ಕೈ ಹಿಡಿಯುತ್ತದೆ. ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನಗಳಲ್ಲಿ, ಸರಕು ಕಳಿಸಲು ಆಗದಿದ್ದರೆ ಮಾರಾಟಗಾರರು ತಿಳಿಸಬೇಕು. ಬೇಡ ಎಂದರೆ ಪೂರ್ತಿ ಹಣ ಹಿಂತಿರುಗಿಸಬೇಕು.

ಭಾರತದಲ್ಲಿ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಿವೆ. ಅದರಲ್ಲಿ ಕ್ಯಾನ್ಸಲ್ ಶುಲ್ಕದ ಬಗ್ಗೆ ನೇರವಾದ ಮಾತೇ ಇದೆ. ಆರ್ಡರ್ ಖಚಿತವಾದ ಮೇಲೆ ಗ್ರಾಹಕರು ಕ್ಯಾನ್ಸಲ್ ಮಾಡಿದರೆ ಇ-ಕಾಮರ್ಸ್ ಸಂಸ್ಥೆ ಸುಮ್ಮನೆ ಶುಲ್ಕ ಹಾಕುವಂತಿಲ್ಲ. ತಾನೇ ಏಕಪಕ್ಷೀಯವಾಗಿ ಕ್ಯಾನ್ಸಲ್ ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಹೊರುವುದಾದರೆ ಮಾತ್ರ ಹಾಕಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ. ಆ ಸಂಸ್ಥೆಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಲ್ಲೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಈ ರಕ್ಷಣೆಗಳು ಹೆಚ್ಚಾಗಿ ಸ್ವಂತ ಬಳಕೆಗೆ ಕೊಳ್ಳುವವರಿಗೆ. ಗ್ಯಾರೇಜಿನ ಹೆಸರಿನಲ್ಲೋ ಕಂಪನಿಯ ಬಿಲ್ಲಿನಲ್ಲೋ ಆರ್ಡರ್ ಹಾಕಿದರೆ ನೀವು ವ್ಯಾಪಾರಿ ಎನಿಸಿಕೊಳ್ಳುತ್ತೀರಿ, ಹಕ್ಕುಗಳು ತೆಳುವಾಗುತ್ತವೆ. ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದು ಮೆಕ್ಯಾನಿಕ್ ಖಾತೆಯಿಂದ ತರಿಸುವ ಮೊದಲು ಇದನ್ನು ಯೋಚಿಸಿ.

ವಾಪಸ್ ಕೊಡುವುದು ಲಾಭವೇ ಎಂದು ಲೆಕ್ಕ ಹಾಕಿ

ಪಾರ್ಟಿನ ಬೆಲೆ 100 ಎಂದಿಟ್ಟುಕೊಳ್ಳಿ. ಬರುವಾಗ ಸಾಗಣೆ 12 ಕೊಟ್ಟಿದ್ದೀರಿ, ಅದು ವಾಪಸ್ ಬರುವುದಿಲ್ಲ. ಕಳಿಸಲು ಮತ್ತೆ 15. ಶುಲ್ಕ ಶೇ. 20. ನೀವು ಕೊಟ್ಟದ್ದು ಒಟ್ಟು 112, ರೀಫಂಡ್ ಆಗಿ ಬರುವುದು 80, ಅದರಲ್ಲಿ ಕೊರಿಯರ್‌ಗೆ 15 ಹೋದರೆ ಉಳಿಯುವುದು 65. ಅಂದರೆ ‘ಶೇ. 20’ ಎಂದು ಕಂಡದ್ದು ನಿಜದಲ್ಲಿ 47ರ ನಷ್ಟ.

ಹಾಗಾಗಿ ಕಡಿಮೆ ಬೆಲೆಯ, ತೂಕದ ಸಾಮಾನುಗಳನ್ನು ವಾಪಸ್ ಕಳಿಸುವುದಕ್ಕಿಂತ ಅದೇ ಕಾರು ಇರುವ ಯಾರಿಗಾದರೂ, ಇಲ್ಲವೇ ಗ್ಯಾರೇಜಿಗೆ, ಸ್ವಲ್ಪ ಕಡಿಮೆಗೆ ಮಾರಿಬಿಡುವುದು ಮೇಲು. ಫಿಲ್ಟರ್, ಬ್ರೇಕ್ ಪ್ಯಾಡ್ ಥರದವು ಸುಲಭವಾಗಿ ಹೋಗುತ್ತವೆ. ಹೊರದೇಶದಿಂದ ತರಿಸಿದ್ದರೆ ಇನ್ನೂ ಯೋಚಿಸಿ. ಸುಂಕ ಮಾರಾಟಗಾರರ ಕೈಗೆ ಹೋಗಿಲ್ಲ, ಅವರು ಅದನ್ನು ಕೊಡುವುದಿಲ್ಲ. ಹಣದ ವಿನಿಮಯ ದರವೂ ಅಷ್ಟರಲ್ಲಿ ಬದಲಾಗಿರುತ್ತದೆ.

ಹಣ ಬಾರದಿದ್ದರೆ

ರೀಫಂಡ್ ಮಾಡಿದ್ದೇವೆ ಎನ್ನುತ್ತಾರೆ, ಖಾತೆಯಲ್ಲಿ ಕಾಣುವುದಿಲ್ಲ. ಕಾರ್ಡ್ ಪಾವತಿಯಾದರೆ ಎಆರ್‌ಎನ್ ಸಂಖ್ಯೆ ಕೊಡಿ ಎಂದು ಕೇಳಿ. ಇದು 23 ಅಂಕಿಗಳ ಗುರುತು. ಅದನ್ನು ಕೊಟ್ಟರೆ ಹಣ ಎಲ್ಲಿದೆ ಎಂದು ನಿಮ್ಮ ಬ್ಯಾಂಕಿನವರು ಹುಡುಕಬಲ್ಲರು. ನಿಜವಾಗಿ ರೀಫಂಡ್ ಮಾಡದವರ ಹತ್ತಿರ ಈ ಸಂಖ್ಯೆಯೇ ಇರುವುದಿಲ್ಲ.

ಕೊನೆಯ ದಾರಿ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳುವುದು, ಅಂದರೆ ಕಾರ್ಡಿನಿಂದ ಹೋದ ಹಣವನ್ನು ಮಾರಾಟಗಾರರಿಂದ ವಾಪಸ್ ಪಡೆದುಕೊಡಿ ಎಂದು ಬ್ಯಾಂಕನ್ನು ಕೋರುವುದು. ಹೇಳದೇ ಇದ್ದ ಶುಲ್ಕ ಹಿಡಿದಿದ್ದರೆ, ತಪ್ಪು ಪಾರ್ಟ್ ಕಳಿಸಿ ವಾಪಸ್ ತೆಗೆದುಕೊಳ್ಳದಿದ್ದರೆ, ಕ್ಯಾನ್ಸಲ್ ಒಪ್ಪಿಯೂ ಹಣ ಕೊಡದಿದ್ದರೆ ಇದು ಸರಿಯಾದ ದಾರಿ. ಇಮೇಲ್, ಸ್ಕ್ರೀನ್‌ಶಾಟ್, ಫೋಟೋ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಡಿ. ಆದರೆ ಶುಲ್ಕದ ವಿಷಯ ಕೊಳ್ಳುವಾಗಲೇ ಸ್ಪಷ್ಟವಾಗಿ ಬರೆದಿತ್ತು, ನೀವು ಒಪ್ಪಿ ಟಿಕ್ ಮಾಡಿದ್ದೀರಿ, ಪಾರ್ಟೂ ಸರಿಯಾಗಿತ್ತು ಎಂದಾದರೆ ಚಾರ್ಜ್‌ಬ್ಯಾಕ್‌ಗೆ ಹೋಗಬೇಡಿ. ಅದು ನಿಲ್ಲುವುದು ಕಷ್ಟ. ಇದಕ್ಕೆ ಗಡುವೂ ಇರುತ್ತದೆ, ಉದಾಹರಣೆಗೆ ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿನ ತಪ್ಪನ್ನು ಬಿಲ್ ಕಳಿಸಿದ 60 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ಮಾರಾಟಗಾರರು ‘ಇನ್ನೊಂದು ವಾರ’, ‘ಇನ್ನೊಂದು ವಾರ’ ಎಂದು ಎಳೆಯುತ್ತಿದ್ದರೆ ಗಡುವು ದಾಟಲು ಬಿಡಬೇಡಿ.

ಮುಂದಿನ ಆರ್ಡರ್ ಹಾಕುವ ಮೊದಲು

ಕಾರಿನ ಮಾಡೆಲ್ ಮತ್ತು ವರ್ಷ ಮಾತ್ರ ನೋಡಿ ಪಾರ್ಟ್ ತರಿಸಬೇಡಿ. ಒಂದೇ ವರ್ಷದ ಒಂದೇ ಮಾಡೆಲ್‌ನಲ್ಲಿ ಎರಡು ಅಳತೆಯ ಬ್ರೇಕ್ ಡಿಸ್ಕ್ ಇರಬಹುದು, ವರ್ಷದ ನಡುವೆ ಪಾರ್ಟ್ ಬದಲಾಗಿರಬಹುದು. ವಿಐಎನ್ ಸಂಖ್ಯೆಯನ್ನೇ, ಅಂದರೆ ನಿಮ್ಮ ಕಾರಿನ ಚಾಸಿ ಸಂಖ್ಯೆಯನ್ನೇ, ಬಳಸಿ. 17 ಅಕ್ಷರ ಮತ್ತು ಅಂಕಿಗಳ ಈ ಗುರುತಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಹಾಗಾಗಿ ಓ ಎಂದು ಕಂಡರೆ ಅದು ಸೊನ್ನೆ, ಐ ಎಂದು ಕಂಡರೆ ಅದು ಒಂದು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಡಿಕ್ಕಿಯ ಸ್ಟೆಪ್ನಿ ಜಾಗದಲ್ಲಿ ಇಲ್ಲವೇ ಸರ್ವಿಸ್ ಪುಸ್ತಕದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿನ ಪಿಆರ್ ಕೋಡ್ (ಆ ಕಾರಿಗೆ ಯಾವ ಯಾವ ಭಾಗ ಹಾಕಿದ್ದಾರೆ ಎಂದು ಹೇಳುವ ಸಂಕೇತ) ನೋಡಿ ಬ್ರೇಕ್ ಯಾವ ಅಳತೆಯದು ಎಂದು ತಿಳಿಯಬಹುದು.

ಎಡ ಬಲದ ಗೊಂದಲದಿಂದಲೂ ಪಾರ್ಟ್ ವಾಪಸ್ ಹೋಗುತ್ತದೆ. ಹೆಡ್‌ಲೈಟ್, ಕನ್ನಡಿ, ಫೆಂಡರ್ ಯಾವುದೇ ಇರಲಿ, ಎಡ ಬಲ ಎಂದರೆ ಸೀಟಿನಲ್ಲಿ ಕೂತು ಮುಂದೆ ನೋಡುವವರ ಎಡ ಬಲ. ಕಾರಿನ ಎದುರು ನಿಂತು ನೋಡಿದರೆ ಅದು ತಿರುಗುಮುರುಗಾಗುತ್ತದೆ. ಎರಡರಲ್ಲಿ ಯಾವುದು ಎಂದು ಗೊತ್ತಾಗದೆ ಎರಡನ್ನೂ ತರಿಸಿ ಒಂದನ್ನು ವಾಪಸ್ ಕೊಟ್ಟರಾಯಿತು ಎಂದು ಯೋಚಿಸುವವರಿದ್ದಾರೆ. ಶುಲ್ಕ ಇರುವ ಅಂಗಡಿಯಲ್ಲಿ ಅದು ದುಬಾರಿ ಬೀಳುತ್ತದೆ.

ಹಣ ಕಟ್ಟುವ ಮುಂಚೆ ವಾಪಸಾತಿ ನಿಯಮದ ಪುಟ ತೆರೆಯಿರಿ. ಶುಲ್ಕ ಎಷ್ಟು, ಅದು ಕಳಿಸುವ ಮೊದಲೇ ಶುರುವಾಗುತ್ತದಾ ಅಥವಾ ಆಮೇಲೆಯಾ, ‘ವಿಶೇಷ ಆರ್ಡರ್’ ಎಂದು ಈ ಪಾರ್ಟಿಗೆ ಗುರುತು ಇದೆಯಾ ಎಂದು ನೋಡಿ, ಆ ಪುಟವನ್ನು ಉಳಿಸಿಕೊಳ್ಳಿ. ಬೆಲೆ ಜಾಸ್ತಿಯ ಪಾರ್ಟ್ ಆದರೆ ಇನ್ನೊಂದು ಕೆಲಸ ಮಾಡಿ. ನಿಮ್ಮ ವಿಐಎನ್ ಕೊಟ್ಟು, ‘ಈ ನಂಬರಿನ ಪಾರ್ಟ್ ನನ್ನ ಕಾರಿಗೆ ಸರಿಹೊಂದುತ್ತದಾ?’ ಎಂದು ಮಾರಾಟಗಾರರಿಗೆ ಇಮೇಲ್ ಮಾಡಿ. ‘ಹೌದು’ ಎಂಬ ಉತ್ತರ ಬರಹದಲ್ಲಿ ಬಂದ ಮೇಲೆಯೇ ಆರ್ಡರ್ ಹಾಕಿ. ಆಮೇಲೆ ಅದು ಕೂರದಿದ್ದರೆ ‘ನೀವು ತಪ್ಪು ಆರಿಸಿದ್ದೀರಿ’ ಎಂದು ಶುಲ್ಕ ಕೇಳಲು ಅವರಿಗೆ ದಾರಿ ಇರುವುದಿಲ್ಲ.